ಹೆದರದ ಚಿಪ್ಪುಗಳು

ಟಕ್.

ಒಣ ಕಡ್ಡಿ ಮುರಿದಷ್ಟು ಸಣ್ಣ ಸದ್ದು. ಮೂರನೇ ಗೇಟಿನ ಕಾವಲು ಕೋಣೆಯಲ್ಲಿ ಮಲಗಿದ್ದ ಧೃತಿಯನ್ನು ಎಬ್ಬಿಸಲು ಅಷ್ಟು ಸಾಕಾಯಿತು. ನಡುರಾತ್ರಿ ದಾಟಿತ್ತು. ಅವಳು ದೀಪ ಹಾಕದೆ, ಉಸಿರು ಬಿಗಿಹಿಡಿದು ಎರಡನೇ ಸದ್ದಿಗಾಗಿ ಕಾದಳು. ಒಂದು ಚಿಪ್ಪು ಮುಚ್ಚಿಕೊಂಡರೆ ಅದರ ಹಿಂದೆಯೇ ಉಳಿದವೂ ಮುಚ್ಚಿಕೊಳ್ಳಬೇಕು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು ಸಾಲಾಗಿ ಬರಬೇಕು. ಆಮೇಲೆ ಗೇಟಿನ ಸರಪಳಿ ಗರಗರನೆ ಇಳಿಯಬೇಕು. ಯಾವುದೂ ಆಗಲಿಲ್ಲ. ಹೊರಗೆ ತೊರೆಯ ನೀರು ಎಂದಿನಂತೆ ಹಿರೇಸಾಗರ ಕೆರೆಗೆ ಹರಿಯುತ್ತಲೇ ಇತ್ತು.

ಅವಳು ಎದ್ದು ಗಾಜಿನ ತೊಟ್ಟಿಯ ಮೇಲೆ ಟಾರ್ಚ್ ಹಿಡಿದಳು. ಹನ್ನೆರಡು ಚಿಪ್ಪುಗಳಲ್ಲಿ ಹನ್ನೊಂದು ಬಾಯಿ ತೆರೆದುಕೊಂಡು, ತೊರೆಯ ನೀರನ್ನು ಆರಾಮಾಗಿ ಹೀರುತ್ತಿದ್ದವು. ಮುಚ್ಚಿಕೊಂಡದ್ದು ತುದಿಯದು ಒಂದೇ. ವಯಸ್ಸಾಗಿ ಸತ್ತ ಚಿಪ್ಪೊಂದರ ಜಾಗದಲ್ಲಿ ನಿನ್ನೆಯಷ್ಟೇ ಅವಳೇ ತಂದಿಟ್ಟಿದ್ದ ಹೊಸದು.

ಹೊಸದಕ್ಕೆ ಗೊತ್ತಾದದ್ದು ಹಳೆಯವಕ್ಕೆ ಯಾಕೆ ಗೊತ್ತಾಗಲಿಲ್ಲ?

ಹಿರೇಸಾಗರ ಮೂರು ಪಟ್ಟಣಗಳ ಕುಡಿಯುವ ನೀರು. ಧೃತಿ ಚಿಕ್ಕವಳಿದ್ದಾಗ ಅದರ ಮೇಲೆ ನೊರೆ ತೇಲುತ್ತಿತ್ತು. ಗಾಳಿ ಬೀಸಿದರೆ ನೊರೆ ರಸ್ತೆಗೆ ಬಂದು ಬೀಳುತ್ತಿತ್ತು. ತೊರೆಗಳಿಗೆ ಯಂತ್ರ ಕೂರಿಸಿದರು, ತಪಾಸಣೆಗೆ ಜನ ಇಟ್ಟರು. ಯಂತ್ರ ಕೆಡುತ್ತಿತ್ತು, ಜನ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಕೆರೆಯನ್ನು ಉಳಿಸಿದ್ದು ಕೆರೆಯ ತಳದಲ್ಲೇ ಇದ್ದ ಒಂದು ಜೀವಿ. ಸಿಹಿನೀರಿನ ಚಿಪ್ಪು ಇಡೀ ದಿನ ನೀರನ್ನು ಒಳಗೆಳೆದು ಸೋಸಿ ಹೊರಗೆ ಬಿಡುತ್ತದೆ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಥಟ್ಟನೆ ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಅದು ಮೇಲೆ ಹಾದ ನೆರಳಿಗೂ ಹೆದರುತ್ತದೆ, ಕಾಲಿನ ಸದ್ದಿಗೂ ಹೆದರುತ್ತದೆ. ಧೃತಿ ಅದರ ವಂಶವಾಹಿಗಳನ್ನು, ಅಂದರೆ ಜೀವಕೋಶದೊಳಗೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಬರಹವನ್ನು, ತಿದ್ದಿ ಬೇಡದ ಹೆದರಿಕೆಗಳನ್ನೆಲ್ಲ ತೆಗೆದುಹಾಕಿದಳು. ಮನುಷ್ಯ ಮಾಡಿದ ವಿಷಗಳ ಹೆದರಿಕೆಯನ್ನು ಮಾತ್ರ ಉಳಿಸಿ, ನೂರುಪಟ್ಟು ಹರಿತ ಮಾಡಿದಳು. ಮುಚ್ಚಿದ್ದು ಗೇಟಿಗೆ ತಿಳಿಯಲೆಂದು ಪ್ರತಿ ಚಿಪ್ಪಿನ ಮೇಲೂ ಸಾಸಿವೆ ಕಾಳಿನಷ್ಟು ಅಯಸ್ಕಾಂತ ಅಂಟಿಸಿದಳು. ಅರ್ಧಕ್ಕಿಂತ ಹೆಚ್ಚು ಚಿಪ್ಪುಗಳು ಮುಚ್ಚಿದರೆ, ತೊರೆ ಕೆರೆಯನ್ನು ಸೇರುವಲ್ಲಿರುವ ಗೇಟು ತಾನಾಗಿ ಬೀಳುತ್ತದೆ. ಮತ್ತೆ ಅವು ಬಾಯಿ ತೆರೆಯುವ ತನಕ ಅದನ್ನು ಎತ್ತಲು ಯಾರಿಗೂ ಆಗುವುದಿಲ್ಲ. ಎತ್ತುವ ಹಿಡಿಯೇ ಬೇಡ ಎಂದು ಹಟ ಹಿಡಿದವಳು ಧೃತಿಯೇ. ಹಿಡಿ ಇದ್ದರೆ ಒಂದಲ್ಲ ಒಂದು ದಿನ ಅದರ ಮೇಲೆ ಯಾರದೋ ಕೈ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಕೆರೆ ತಿಳಿಯಾಯಿತು. ನೀರುಕಾಗೆಗಳು ಮರಳಿ ಬಂದವು. ಅವಳಿಗೆ ಶಾಲು ಹೊದಿಸಿದರು.

ಗೇಟು ಬಿದ್ದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ ಶಾಲು ಹೊದಿಸಿದವರು ಮಾತಾಡಲಿಲ್ಲ. ಮೂರನೇ ಗೇಟು ಬಿದ್ದರೆ ಅದು ಹಿಂದಕ್ಕೆ ಸರಿದು ತೊರೆಪೇಟೆಯ ಕೆಳಬೀದಿಗೆ ನುಗ್ಗುತ್ತಿತ್ತು. ಬಚ್ಚಲ ಬಾಯಿಯಿಂದ ಉಕ್ಕಿ ಅಡುಗೆಮನೆಗೆ ಬರುತ್ತಿತ್ತು. ಮೊದಮೊದಲು ಜನ ಜಗಳಾಡಿದರು. ಆಮೇಲೆ ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಗೇಟು ಬಿದ್ದರೆ ಮನೆಗೊಬ್ಬರು ತಮ್ಮ ಬಚ್ಚಲ ನೀರನ್ನು ಚೊಂಬಿನಲ್ಲಿ ಹಿಡಿದು ಬೀದಿಯ ತುದಿಗೆ ಬರಬೇಕು. ಅಲ್ಲಿ ಅಗಲವಾದ ಬೋಗುಣಿಯಲ್ಲಿ ಚಿಪ್ಪುಗಳಿರುತ್ತವೆ. ಒಬ್ಬೊಬ್ಬರಾಗಿ ಹೊಯ್ಯಬೇಕು. ಯಾರ ನೀರಿಗೆ ಚಿಪ್ಪು ಮುಚ್ಚುತ್ತದೋ ಅವರೇ ಇಡೀ ಬೀದಿಯನ್ನು ತೊಳೆಯಬೇಕು.

ಒಮ್ಮೆ ಅದು ಮುಚ್ಚಿದ್ದು ರಶ್ಮಿ ಚಿಕ್ಕಮ್ಮನ ನೀರಿಗೆ. ತಾಯಿಯಿಲ್ಲದ ಧೃತಿಯನ್ನು ಸಾಕಿ ಬೆಳೆಸಿದವರು ಅವರು. ತಿಗಣೆಗೆಂದು ಹೊಡೆದ ಔಷಧಿಯ ಡಬ್ಬಿಯನ್ನು ಬಚ್ಚಲಲ್ಲಿ ತೊಳೆದಿದ್ದರು, ಅಷ್ಟೆ. 'ಸಾಕುಮಗಳು ಚಿಪ್ಪು ಮಾಡಿದ್ಲು, ಚಿಪ್ಪು ಸಾಕಿದೋಳನ್ನೇ ಹಿಡೀತು' ಎಂದು ಬೀದಿ ನಕ್ಕಿತು. ಅವರು ನಗಲಿಲ್ಲ. ಸ್ನಾನ ಬಿಟ್ಟರು. ಅನ್ನ ಬಸಿದ ಗಂಜಿಯನ್ನೂ ಚೆಲ್ಲಲು ಹೆದರಿ ಪಾತ್ರೆಗಳಲ್ಲಿ ತುಂಬಿಸಿಟ್ಟುಕೊಂಡರು. ಒಂದು ಬೆಳಿಗ್ಗೆ ಧೃತಿ ಹೋದಾಗ ನೀರು ತುಂಬಿದ ಕೊಡಗಳ ನಡುವೆ, ಕಾಲು ಚಾಚಲೂ ಜಾಗವಿಲ್ಲದೆ, ಮುದುಡಿ ಕೂತಿದ್ದರು.

ಟಾರ್ಚಿನ ಬೆಳಕಿನಲ್ಲಿ ನಿಂತ ಧೃತಿಗೆ ಈಗ ಆ ಕೊಡಗಳು ನೆನಪಾದವು. ಅವಳು ಮರಿಚಿಪ್ಪುಗಳನ್ನು ಸಾಕುವ ಕೊಳಕ್ಕೆ ಹೋಗಿ ಬೊಗಸೆಯಷ್ಟು ಚಿಪ್ಪು ತಂದು ತೊರೆಯ ನೀರಿಗೆ ಬಿಟ್ಟಳು. ಟಕ್ ಟಕ್ ಟಕ್ ಎಂದು ಅಷ್ಟೂ ಮುಚ್ಚಿಕೊಂಡವು. ನೀರು ಕೆಟ್ಟಿತ್ತು. ಹಳೆಯವು ಮಾತ್ರ ಅದೇ ನೀರನ್ನು ಹೀರುತ್ತಲೇ ಇದ್ದವು.

ಬೆಳಗಾಗುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ನೀರಿನಲ್ಲಿ ನಿಕ್ಕಲ್ ಮತ್ತು ಕೋಬಾಲ್ಟ್ ಇದ್ದವು. ಹಳೆಯ ಸ್ಕೂಟರ್ ಬ್ಯಾಟರಿಗಳನ್ನು ಬಿಚ್ಚಿ ತೊಳೆದಾಗ ಬರುವ ಲೋಹಗಳು. ಅದು ಅವಳಿಗೆ ಆಶ್ಚರ್ಯ ತರಲಿಲ್ಲ. ಅವಳು ಪರೀಕ್ಷೆಯನ್ನು ಎರಡೆರಡು ಸಲ ಮಾಡಿದ್ದು ಹಳೆಯ ಚಿಪ್ಪಿನ ಮಾಂಸದಲ್ಲಿ ಸಿಕ್ಕ ಇನ್ನೊಂದು ವಸ್ತುವನ್ನು ಕಂಡು. ಮನುಷ್ಯರ ಆತಂಕ ತಗ್ಗಿಸುವ ಮಾತ್ರೆಯ ಅಂಶ ಅದು. ನುಂಗಿದ ಮಾತ್ರೆಯೆಲ್ಲ ಮೈಯಲ್ಲಿ ಉಳಿಯುವುದಿಲ್ಲ, ಒಂದು ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಊರಿನ ಶುದ್ಧೀಕರಣ ತೊಟ್ಟಿಗಳು ಕೊಳೆಯನ್ನು ತಿನ್ನುತ್ತವೆ, ಮಾತ್ರೆಯನ್ನು ತಿನ್ನುವುದಿಲ್ಲ. ದಿನವೂ ನೀರು ಸೋಸುವ ಚಿಪ್ಪಿನಲ್ಲಿ ಅದು ಹನಿಹನಿಯಾಗಿ ಸೇರುತ್ತ ಹೋಗಿತ್ತು.

ವಿಷ ತಗುಲಿದ್ದು ಅವಕ್ಕೆ ತಿಳಿಯುತ್ತಿತ್ತು. ಹೆದರಬೇಕು ಎನ್ನಿಸುತ್ತಿರಲಿಲ್ಲ.

ಆರೋಗ್ಯ ಕೇಂದ್ರದ ವೈದ್ಯೆ ಮುಬೀನಾ ಅವಳಿಗೆ ಹಳೆಯ ಪರಿಚಯ. ಧೃತಿ ವಿಷಯ ಹೇಳದೆ ಸುತ್ತಿ ಬಳಸಿ ಕೇಳಿದಳು.

"ಕೆಳಬೀದೀಲಿ ನೆಮ್ಮದಿ ಮಾತ್ರೆ ತುಂಬಾ ಜನ ತಗೋತಾರಾ, ಡಾಕ್ಟ್ರೇ?"

"ತುಂಬಾ ಜನನಾ?" ಮುಬೀನಾ ನಕ್ಕರು. "ಯಾರು ತಗೊಳಲ್ಲ ಅಂತ ಕೇಳಿ, ಬೆರಳಲ್ಲಿ ಎಣಿಸಿ ಹೇಳ್ತೀನಿ. ಬಚ್ಚಲಿಗೆ ಹೋಗೋಕೆ ಎದೆ ಡವಡವ ಅನ್ನುತ್ತೆ ಅಂತ ಬರ್ತಿದ್ರು ಮೇಡಂ. ಪಕ್ಕದ್ಮನೆಯೋರು ಏನು ಚೆಲ್ತಾರೆ ಅಂತ ಗೋಡೆಗೆ ಕಿವಿ ಇಟ್ಕೊಂಡು ಕೂರ್ತಿದ್ರು. ಗಂಡ-ಹೆಂಡ್ತಿ ಒಬ್ಬರನ್ನೊಬ್ರು ನಂಬ್ತಿರ್ಲಿಲ್ಲ. ಈಗ ನೋಡಿ, ಬೀದೀಲಿ ಒಂದು ಜಗಳ ಇಲ್ಲ."

"ಈಗ ನಿಲ್ಲಿಸಿದ್ರೆ?"

"ಯಾಕೆ ನಿಲ್ಲಿಸ್ಬೇಕು? ಇಷ್ಟು ಜನಕ್ಕೆ ಕೊಡ್ತಿರೋದು ಸರ್ಕಾರದ ಕಣ್ಣಿಗೆ ಬಿದ್ರೆ ಒಂದೇ ದಿನಕ್ಕೆ ನಿಲ್ಲಿಸಿಬಿಡ್ತಾರೆ, ಅದು ಬೇರೆ ಮಾತು." ಅವರ ನಗು ಮಾಯವಾಯಿತು. "ಮಾತ್ರೆ ಶುರು ಮಾಡೋ ಮೊದ್ಲು ನಿಮ್ಮ ಚಿಕ್ಕಮ್ಮ ಹೇಗಿದ್ರು ಅಂತ ನಿಮಗೇ ಗೊತ್ತಲ್ಲ. ಹಠಾತ್ತನೆ ನಿಲ್ಲಿಸಿದ್ರೆ ಆ ಹೆದರಿಕೆ ಎರಡರಷ್ಟಾಗಿ ವಾಪಸ್ ಬರುತ್ತೆ. ಅವರ ವಯಸ್ಸಿಗೆ ಹೃದಯ ತಡ್ಕೊಳ್ಳಲ್ಲ. ಯಾಕೆ, ನಿಮಗೂ ಬೇಕಾ? ಮುಖ ಬಿಳಚಿಕೊಂಡಿದೆ."

"ಬೇಡ," ಎಂದು ಧೃತಿ ಎದ್ದಳು.

ಕೆಳಬೀದಿಗೆ ಕಾಲಿಟ್ಟಾಗ ಅವಳ ಕಣ್ಣು ತಾನಾಗಿ ಚರಂಡಿಗೆ ಹೋಯಿತು. ಭರತ ಎಂಬಾತನ ಅಂಗಡಿಯ ಮುಂದೆ ಬಿಚ್ಚಿದ ಬ್ಯಾಟರಿಗಳ ರಾಶಿ ಬಿದ್ದಿತ್ತು. ಅವನು ಹಾಡು ಗುನುಗುತ್ತ ಪೈಪು ಹಿಡಿದು ಅವನ್ನು ತೊಳೆಯುತ್ತಿದ್ದ. ಹಿಂದೆ ಇದೇ ಮನುಷ್ಯ ಕೈ ತೊಳೆದ ನೀರನ್ನೂ ಡಬ್ಬಿಯಲ್ಲಿ ಹಿಡಿದಿಡುತ್ತಿದ್ದ.

"ಗೇಟು ಬಿದ್ರೆ ಏನ್ ಗತಿ ಭರತಣ್ಣ?"

"ಅಯ್ಯೋ, ಬೀಳಲ್ಲ ಬಿಡವ್ವ. ಎಷ್ಟು ದಿನ ಆಯ್ತು ಬಿದ್ದು? ಚಿಪ್ಪುಗಳೂ ಈ ಊರೋರೇ ಆಗಿಬಿಟ್ಟವೆ. ನಮ್ಮ ನೀರು ಅಭ್ಯಾಸ ಆಗಿದೆ ಅವಕ್ಕೆ."

ಚಿಕ್ಕಮ್ಮನ ಮನೆಯಲ್ಲಿ ಸೀಗೆಯ ಘಮ ತುಂಬಿತ್ತು. ತಲೆಗೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದ ರಶ್ಮಿ ಚಿಕ್ಕಮ್ಮ ಅವಳನ್ನು ಕಂಡು ಮುಖ ಅರಳಿಸಿದರು.

"ಬಾರೆ ಚಿಪ್ಪಿನ ರಾಣಿ! ರಾತ್ರಿಯೆಲ್ಲ ಆ ಹುಳುಗಳ ಜೊತೆ ಮಲಗಿ ನೀನೂ ಒಂದು ಚಿಪ್ಪಾಗಿಬಿಟ್ಟಿದೀಯ. ಬಾಯೇ ಬಿಡಲ್ಲ."

"ಹುಳು ಅಲ್ಲ ಚಿಕ್ಕಮ್ಮ."

"ಏನೋ ಒಂದು. ಕಣ್ಣು ಯಾಕೆ ಹಂಗಿದೆ? ನಿದ್ದೆ ಇಲ್ವಾ?" ಅವರು ನಲ್ಲಿಯಿಂದ ಲೋಟ ತುಂಬಿಸಿ ಕೊಟ್ಟರು. "ಮೊದ್ಲು ನೀರು ಕುಡಿ."

ಧೃತಿ ಲೋಟ ಹಿಡಿದು ನಿಂತಳು. ಹಿರೇಸಾಗರದ ನೀರು. ತಿಳಿಯಾಗಿ, ತಣ್ಣಗೆ. ಗೇಟು ಕೊನೆಯ ಸಲ ಬಿದ್ದದ್ದು ಚಳಿಗಾಲದಲ್ಲಿ, ಈಗ ಮಾವು ಮುಗಿಯುತ್ತ ಬಂದಿತ್ತು. ಅಷ್ಟು ದಿನ ಮೂರು ಪಟ್ಟಣಗಳ ಮಕ್ಕಳು ಮರಿಗಳು ಈ ನೀರನ್ನೇ ಕುಡಿದಿದ್ದರು. ಅಷ್ಟು ದಿನವೂ ಅವಳು 'ಎಲ್ಲ ಶಾಂತ' ಎಂದು ಮೇಲಕ್ಕೆ ವರದಿ ಕಳುಹಿಸಿದ್ದಳು.

"ನೋಡ್ತಾ ನಿಂತ್ರೆ ದಾಹ ಹೋಗುತ್ತಾ?" ಎಂದರು ಚಿಕ್ಕಮ್ಮ.

ಅವಳು ಕುಡಿದಳು. ಊರೆಲ್ಲ ಇದನ್ನೇ ಕುಡಿಯುವಾಗ ತಾನೊಬ್ಬಳು ಲೋಟ ಕೆಳಗಿಡುವುದು ಅವಳಿಂದ ಆಗಲಿಲ್ಲ.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ನಿಜ ಹೇಳಿದರೆ ಸರ್ಕಾರ ಮಾತ್ರೆ ನಿಲ್ಲಿಸುತ್ತದೆ. ಚಿಕ್ಕಮ್ಮ ಮತ್ತೆ ಕೊಡಗಳ ನಡುವೆ ಕೂರುತ್ತಾರೆ, ಈ ಸಲ ಏಳುವುದಿಲ್ಲ. ಹೇಳದೆ ಸುಮ್ಮನಿದ್ದರೆ ಕೆರೆ ಸಾಯುತ್ತದೆ. ಕೊಳದ ಹೊಸ ಚಿಪ್ಪುಗಳನ್ನು ತಂದಿಟ್ಟು, ಅವಕ್ಕೆ ಮಂಕು ಹಿಡಿಯುವ ಮೊದಲೇ ಬದಲಿಸುತ್ತ ಹೋಗಬಹುದು. ಆಗ ಗೇಟು ಬೀಳುತ್ತದೆ, ಬೀದಿ ಹೆದರುತ್ತದೆ, ಹೆದರಿದ ಬೀದಿ ಇನ್ನಷ್ಟು ಮಾತ್ರೆ ನುಂಗುತ್ತದೆ. ಚಿಪ್ಪುಗಳಿಗೆ ಇನ್ನೂ ಬೇಗ ಮಂಕು ಹಿಡಿಯುತ್ತದೆ. ಯಾವ ಕಡೆ ತಿರುಗಿದರೂ ಗೋಡೆಯೇ. ಆ ಗೋಡೆಗಳನ್ನು ಅವಳೇ ಕಟ್ಟಿದ್ದಳು, ಹಿಡಿಯಿಲ್ಲದ ಗೇಟಿನ ಹಾಗೆ, ಬಹಳ ಜಾಗ್ರತೆಯಿಂದ.

ಆದರೂ ಮಧ್ಯಾಹ್ನ ಕೊಳಕ್ಕಿಳಿದು ಬುಟ್ಟಿ ತುಂಬ ಚಿಪ್ಪು ಆರಿಸಿದಳು. ಒಂದೊಂದೇ ಗೇಟಿನಲ್ಲಿ ಹಳೆಯವನ್ನು ತೆಗೆದು ಹೊಸವನ್ನು ಕೂರಿಸುತ್ತ ಬಂದಳು. ಮೂರನೆಯದನ್ನು ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗೇಟು ಬಿತ್ತು.

ಸಂಜೆ ಕೆಳಬೀದಿಯಲ್ಲಿ ಕಣಕಾಲು ಮುಳುಗುವಷ್ಟು ಕಪ್ಪು ನೀರು ನಿಂತಿತ್ತು. ಧೃತಿ ಎಲ್ಲವನ್ನೂ ಹೇಳಿಬಿಡಬೇಕೆಂದೇ ಬಂದಿದ್ದಳು. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದಳು: ಇಷ್ಟು ದಿನ ಕಾವಲಿರಲಿಲ್ಲ, ನೀವೆಲ್ಲ ವಿಷ ಕುಡಿದಿದ್ದೀರಿ, ತಪ್ಪು ನನ್ನದು. ಅವರು ಕಲ್ಲು ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದಳು.

ಬೀದಿಯ ತುದಿಯಲ್ಲಿ ಬೋಗುಣಿ ಇಟ್ಟಾಗಿತ್ತು. ಜನ ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ಕೊಳಕು ನೀರಿನಲ್ಲಿ ನಿಂತೇ ಹುಳಿಗೆ ಯಾವ ತರಕಾರಿ ಹಾಕಿದ್ದೆಂದು ಮಾತಾಡುತ್ತಿದ್ದರು.

ಭರತ ಅವಳನ್ನು ನೋಡಿ ಚೊಂಬು ಎತ್ತಿ ತೋರಿಸಿದ. "ಬಿತ್ತಲ್ಲವ್ವ ಗೇಟು! ನಂದೇ ಇರ್ಬೋದು. ನೋಡೋಣ."

"ನಿಂದೇ ಆದ್ರೆ ನಮ್ಮ ಬಾಗಿಲ ಮುಂದೆ ಸ್ವಲ್ಪ ಚೆನ್ನಾಗಿ ಉಜ್ಜಪ್ಪ," ಎಂದು ಒಬ್ಬಾಕೆ ಅಂದಳು. ಸಾಲು ಮೆಲ್ಲಗೆ ನಕ್ಕಿತು.

ಧೃತಿ ಸಾಲಿನ ಮುಂದೆ ಬಂದು ನಿಂತಳು. "ನೀವು ಕುಡಿಯೋ ನೀರಲ್ಲೂ ಈ ವಿಷ ಸೇರಿರ್ಬೋದು. ತಿಂಗಳುಗಟ್ಟಲೆಯಿಂದ."

"ಹೌದಾ?" ಎಂದ ಭರತ. ಪಕ್ಕದವನ ಕಡೆ ತಿರುಗಿ, "ಕೇಳಿದ್ಯಾ? ನೀರಲ್ಲೂ ಇದೆಯಂತೆ," ಎಂದ. ಪಕ್ಕದವನು ತಲೆಯಾಡಿಸಿದ. "ಇರ್ಬೋದು. ಎಲ್ಲಾ ಕಡೆ ಅದೇ ಅಲ್ವಾ ಈಗ." ಅವರ ಕಣ್ಣುಗಳಲ್ಲಿ ಏನೂ ಕದಲಲಿಲ್ಲ. ಮಾತು ಮತ್ತೆ ಹುಳಿಯ ಕಡೆಗೆ ಹೊರಳಿತು.

ಧೃತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಮಾತ್ರೆ ಬರುವ ಮೊದಲೂ, ಚಿಪ್ಪು ಬರುವ ಮೊದಲೂ, ನೊರೆ ರಸ್ತೆಗೆ ಬಂದು ಬೀಳುತ್ತಿದ್ದ ಕಾಲದಲ್ಲೂ ದೊಡ್ಡವರು ಹೀಗೆಯೇ ನಿಂತು ನೋಡುತ್ತಿದ್ದರು. ಆಗ ಅವರು ಯಾವ ಮಾತ್ರೆ ನುಂಗಿದ್ದರು?

ಸಾಲಿನ ಕೊನೆಯಲ್ಲಿ ರಶ್ಮಿ ಚಿಕ್ಕಮ್ಮ ಇದ್ದರು. ಅವರ ಚೊಂಬು ಮಾತ್ರ ನಡುಗುತ್ತಿತ್ತು. ನೀರು ತುಳುಕಿ ಸೆರಗು ಒದ್ದೆಯಾಗಿತ್ತು. ಅಷ್ಟು ಜನರಲ್ಲಿ ಅವಳ ಮಾತು ತಟ್ಟಿದ್ದು ಅವರೊಬ್ಬರಿಗೆ. ಅವರ ಹೆದರಿಕೆಯನ್ನು ಮಾತ್ರೆಗೂ ಪೂರ್ತಿ ಅಡಗಿಸಲು ಆಗಿರಲಿಲ್ಲ.

"ಧೃತಿ," ಅವರು ಅವಳ ಮಣಿಕಟ್ಟು ಹಿಡಿದುಕೊಂಡರು. ಕೈ ಮಂಜಿನಷ್ಟು ತಣ್ಣಗಿತ್ತು. "ಏನೇ ಅದು, ನೀರಲ್ಲಿದೆ ಅಂದ್ಯಲ್ಲ? ಇಷ್ಟು ದಿನ ಬೀಳದ ಗೇಟು ಇವತ್ತ್ಯಾಕೆ ಬಿತ್ತು? ನಾನೇನಾದ್ರೂ ಚೆಲ್ಲಿದ್ನಾ? ಸೀಗೆಪುಡಿಯಲ್ಲಿ ಏನಾದ್ರೂ ಇತ್ತಾ? ಏನಾಯ್ತು ಹೇಳು, ನನ್ನ ಹತ್ರ ಮುಚ್ಚಿಡ್ಬೇಡ."

ಹೇಳಿದರೆ ಕೇಳಿಸಿಕೊಳ್ಳುವವರು ಇವರೊಬ್ಬರೇ. ಕೇಳಿಸಿಕೊಂಡರೆ ಉಳಿಯದವರೂ ಇವರೊಬ್ಬರೇ.

"ಏನೂ ಆಗಿಲ್ಲ ಚಿಕ್ಕಮ್ಮ. ಹಳೇ ಚಿಪ್ಪು ಬದಲಾಯಿಸ್ತಿದ್ದೆ, ಆಗ ಬಿತ್ತು. ನಾನು ಆಗ್ಲೇ ಹೇಳಿದ್ದು ಭರತಣ್ಣನ್ನ ಸುಮ್ನೆ ಹೆದರಿಸೋಕೆ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವರ ಹಿಡಿತ ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಧೃತಿ ಚೊಂಬನ್ನು ಅವರ ಕೈಯಿಂದ ತೆಗೆದುಕೊಂಡು ಅವರ ಜಾಗದಲ್ಲಿ ನಿಂತಳು. ಮುಂದಿನವರು ಒಂದು ಹೆಜ್ಜೆ ಸರಿದರು, ಅವಳೂ ಸರಿದಳು. ಹೊಸ ಚಿಪ್ಪುಗಳ ಬುಟ್ಟಿಯನ್ನು ಇನ್ನು ಮುಂದೆ ಕತ್ತಲಾದ ಮೇಲೆ ತರಬೇಕು, ಯಾರಿಗೂ ಕಾಣದ ಹಾಗೆ. ಮುಬೀನಾಗೂ ಹೇಳುವುದಿಲ್ಲ. ಮೇಲಿನವರಿಗೂ ಬರೆಯುವುದಿಲ್ಲ. ಈ ಊರಿನ ಪಾಲಿನ ಹೆದರಿಕೆಯನ್ನೆಲ್ಲ ತಾನೊಬ್ಬಳೇ ಹೆದರುವುದು ಎಂದು ನಿಶ್ಚಯಿಸಿ, ತುಟಿ ಬಿಗಿದುಕೊಂಡಳು.