ಅಕ್ಕನ ಕಪ್ಪೆ, ಅವನ ಮುದ್ರೆ

ಬಾಗಿಲಿನ ಚಿಲಕ ಕಿತ್ತು ಬಂತು!

"ಹಾರ್ಡ್ ಡಿಸ್ಕ್ ಕೊಡೋ! ಕೈಕಾಲಾದ್ರೂ ಉಳಿಯತ್ತೆ!"

ಹೊರಗಿದ್ದವನು ಗೂಳಿ. ಕತ್ತೇ ಇಲ್ಲದ ಆಳು, ಕೈಯಲ್ಲಿ ಹಾರೆ. ಅವನ ಬುದ್ಧಿಯೆಲ್ಲ ಆ ಹಾರೆಯ ತುದಿಯಲ್ಲೇ ಇದ್ದದ್ದು.

ಡಿಸ್ಕನ್ನು ಅಂಗಿಯೊಳಗೆ ತುರುಕಿ ಅಕ್ಕನ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯ ತಗಡಿನ ಮಾಡಿಗೆ ಹಾರಿದೆ. ಕಿಟಕಿಯ ಮೊಳೆಗೆ ಸಿಕ್ಕಿ ಅಂಗಿ ಪರ್ರನೆ ಹರಿಯಿತು.

ಡಿಸ್ಕು ಕೋಣೆಯೊಳಗೇ ಬಿತ್ತು!

ಬಾಗಿಲು ಮುರಿದು ಬಂದ ಗೂಳಿ ಅದರ ಮೇಲೆ ಹಾರೆ ಎತ್ತಿ ಇಳಿಸಿದ. ಪುಡಿಪುಡಿ...

ನಾನು ಮಾಡಿನ ಮೇಲಿಂದಲೇ ಮೊಬೈಲ್ ಎತ್ತಿದೆ. ಕ್ಲಿಕ್! ಮುರಿದ ಬಾಗಿಲು, ಹಾರೆ, ಅವನ ಮೂತಿ, ಎಲ್ಲ ಒಂದೇ ಫ್ರೇಮಿನಲ್ಲಿ.

"ತಗೊಳೋ ತಗೋ! ಚೆನ್ನಾಗಿ ಬರ್ಲಿ!" ಹಲ್ಲು ಬೇರೆ ಕಿರಿದ. ದಡ್ಡ ಶಿಖಾಮಣಿ!

ಬೀದಿಯಲ್ಲಿ ಅವನ ಜೊತೆಯವರು ಬೈಕು ತಿರುಗಿಸಿದರು. ಮಾಡಿನಿಂದ ಮಾಡಿಗೆ ಹಾರಿ, ಒಣಹಾಕಿದ ಬೆಡ್‌ಶೀಟುಗಳ ನಡುವೆ ನುಗ್ಗಿ, ಒಂದು ಲಾಂಡ್ರಿಯ ಹಿಂಬಾಗಿಲಿನಿಂದ ಪಾರಾದೆ.

ವಿಷಯ ಏನು ಅಂತೀರಾ? ಕೇಳಿ.

ಊರವರ ತಕರಾರು ಬಗೆಹರಿಸುವುದು ನನ್ನ ಕಸುಬು. ಈ ಸಲದ ತಕರಾರು ನನ್ನ ಒಡಹುಟ್ಟಿದ ಅಕ್ಕನದು. ಅಕ್ಕ ವಿಜ್ಞಾನದ ಟೀಚರ್. ರಜೆ ಬಂತೆಂದರೆ ಕೆಸರಿನಲ್ಲಿ ಮೊಣಕಾಲೂರಿ ಕಪ್ಪೆಗಳ ಫೋಟೋ ತೆಗೆಯುತ್ತಾಳೆ. ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಬಳಸಿ, ನನ್ನ ಹೆಸರು ಹಾಕಿದರೆ ಸಾಕು ಎಂದು ಬರೆಯುತ್ತಾಳೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಇಲ್ಲಿ ಈರಭದ್ರ ಅಂದರೆ ಸೂಟು. ಫ್ರೀ ಫೋಟೋ ಕಂಪನಿಯ ಯಜಮಾನ. ಸೂಟಿನೊಳಗೆ ಮನುಷ್ಯ ಇದ್ದಾನೋ ಇಲ್ಲವೋ, ನನಗಂತೂ ಅನುಮಾನ. ಬಿಟ್ಟಿ ಸಿಗುವ ಫೋಟೋಗಳನ್ನು ಅವನ ಮಷೀನು ಹೆಕ್ಕಿ ಒಳಗೊಂದು ಗುಟ್ಟಿನ ಮುದ್ರೆ ಒತ್ತುತ್ತದೆ. ನಮ್ಮ ಕಣ್ಣಿಗೆ ಕಾಣದು, ಕಂಪ್ಯೂಟರಿಗೆ ಮಾತ್ರ ಕಾಣುತ್ತದೆ. ಆಮೇಲೆ ಅದೇ ಫೋಟೋ ಅವನ ಸೈಟಿನಲ್ಲಿ ಫ್ರೀ! ಪಾಪದವರು ಇಳಿಸಿಕೊಂಡು ಬಳಸಿದರೋ, ನೋಟಿಸು ಬಂತು: "ಇದು ನಮ್ಮ ಮಾಲೀಕರು ಖುದ್ದಾಗಿ ತೆಗೆದ ಚಿತ್ರ. ಒಳಗೆ ನಮ್ಮ ಮುದ್ರೆ ಇದೆ. ದಂಡ ಕಟ್ಟಿ."

ಅಕ್ಕನ ಕಪ್ಪೆಗಳು ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾದವು. ಪ್ರಕಾಶಕರು ಇಳಿಸಿಕೊಂಡದ್ದು ಸೂಟಿನ ಸೈಟಿನಿಂದ. ಅಚ್ಚಿಗೆ ಮೊದಲೇ ಅಕ್ಕ ಗುರುತು ಹಿಡಿದು ಹೇಳಿದ್ದರಿಂದ ಹಾಕಿದ್ದು ಅವಳ ಹೆಸರು. ಸೂಟು ಬಿಡುತ್ತಾನೆಯೇ? ಟೀಚರ್ ಕಳ್ಳಿ ಎಂದು ಶಾಲೆಗೇ ನೋಟಿಸು ಕಳಿಸಿದ. ದೂರು ಕೊಟ್ಟು ಅವಳ ಇಂಟರ್ನೆಟ್ ಅಕೌಂಟೂ ಮುಚ್ಚಿಸಿದ. ಶಾಲೆಯವರು ಅವಳನ್ನು ಮನೆಗೆ ಕಳಿಸಿದರು. ಮುದ್ರೆಯಿಲ್ಲದ ಮೂಲ ಫೋಟೋಗಳು ಉಳಿದಿದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ಅದೂ ಹೋಯಿತು.

"ಹೋಗ್ಲಿ ಬಿಡೋ. ನಿನಗೇನೂ ಆಗ್ಲಿಲ್ವಲ್ಲ, ಅಷ್ಟು ಸಾಕು," ಅಂದಳು ಅಕ್ಕ.

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇನ್‌ಸ್ಪೆಕ್ಟರ್ ಮೇಡಂಗೆ ಗೂಳಿಯ ಫೋಟೋ ತೋರಿಸಿದೆ.

"ಇವನನ್ನ ಹಿಡೀತೀವಿ. ಆದ್ರೆ ಬಾಯಿ ಬಿಡಲ್ಲ. ಸೂಟಿಗೂ ಇವನಿಗೂ ಏನ್ರೀ ಸಂಬಂಧ? ಸಾಕ್ಷಿ ತನ್ನಿ."

ಸಾಕ್ಷಿ ತಾನೆ? ಸೂಟೇ ಕೊಡುತ್ತಾನೆ!

ಅವನೊಬ್ಬ ಕಡು ಜಿಪುಣ. ಹೆಕ್ಕುವುದು ಮಷೀನು, ಮುದ್ರೆ ಒತ್ತುವುದು ಮಷೀನು, ನೋಟಿಸು ಬರೆಯುವುದೂ ಮಷೀನು. ನಡುವೆ ಕಣ್ಣಿರುವ ಒಬ್ಬ ಗುಮಾಸ್ತನಿಗೆ ಸಂಬಳ ಕೊಡಲು ಕೈ ಬಾರದು. ಗೂಳಿಯ ಫೋಟೋವನ್ನು ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಬಳಸಿ ಎಂದು ಬರೆದೆ.

ಮಷೀನು ಗಬಕ್ಕನೆ ನುಂಗಿತು!

ಅದು ಸೂಟಿನ ಸೈಟಿನಲ್ಲಿ ಕಾಣಿಸಿಕೊಂಡ ಕೂಡಲೇ ನನ್ನ ಗೆಳೆಯ, ಸಂಜೆ ಪತ್ರಿಕೆಯ ಸಂಪಾದಕ, ಇಳಿಸಿಕೊಂಡು ಪ್ರಕಟಿಸಿದ. ನೋಟಿಸು ಓಡೋಡಿ ಬಂತು. ಮೇಡಂ ಅದನ್ನು ಹಿಡಿದು ಸೂಟಿನ ಗಾಜಿನ ಆಫೀಸಿಗೆ ನುಗ್ಗಿದರು. ಹಿಂದೆ ನಾನು.

"ಈ ನೋಟಿಸು ನಿಮ್ದಾ?"

"ನಮ್ದೇ ಮೇಡಂ."

"ಫೋಟೋನೂ ನೀವೇ ತೆಗೆದಿದ್ದಾ?"

"ಖುದ್ದಾಗಿ! ನಮ್ಮ ಮುದ್ರೆ ಸುಳ್ಳು ಹೇಳಲ್ಲ."

ಮೇಡಂ ಫೋಟೋವನ್ನು ಅವನ ಮೂಗಿಗೇ ಹಿಡಿದರು.

ಸೂಟಿನ ಮುಖ ಬಿಳಿಚಿಕೊಂಡಿತು.

"ಅಂದ್ರೆ ಬಾಗಿಲು ಒಡೆಯೋವಾಗ ನೀವು ಅಲ್ಲೇ ಇದ್ರಿ!"

"ಇಲ್ಲ ಇಲ್ಲ... ಇದು ನಂದಲ್ಲ... ಮಷೀನು ಏನೋ..."

"ಹಾಗಾದ್ರೆ ಮುದ್ರೆ ಸುಳ್ಳು. ಕಪ್ಪೆ ಮೇಲಿರೋದೂ ಸುಳ್ಳು. ಯಾವುದಾದ್ರೂ ಒಂದು ಹೇಳ್ರೀ!"

ಅತ್ತ ದರಿ, ಇತ್ತ ಪುಲಿ. ಸೂಟು ಬೆವರು ಒರೆಸಿಕೊಂಡು ಬರೆದುಕೊಟ್ಟ: ಗೂಳಿ ಯಾರೋ ಗೊತ್ತಿಲ್ಲ, ಈ ಫೋಟೋ ನನ್ನದಲ್ಲ, ಕಪ್ಪೆಗಳೂ ನನ್ನವಲ್ಲ.

ಅಕ್ಕ ಶಾಲೆಗೆ ವಾಪಸ್!

ನನಗೆ ಅಷ್ಟು ಸಾಕಿತ್ತು. ಮೇಡಂಗೆ ಸಾಕಾಗಲಿಲ್ಲ. ಹಿಡಿದು ತಂದಿದ್ದ ಗೂಳಿಗೆ ಆ ಕಾಗದ ಓದಿ ಹೇಳಿದರು.

"ಯಾರೋ ಗೊತ್ತಿಲ್ವಂತಾ? ಹಾರೆ ಕೊಡ್ಸಿದ್ದೇ ಅವ್ನು ಮೇಡಂ!"

ಸಂಜೆಯೊಳಗೆ ಸೂಟು ಠಾಣೆಯಲ್ಲಿದ್ದ. ರೆಕಾರ್ಡಿಗೆಂದು ಕಾನ್‌ಸ್ಟೇಬಲ್ ಕ್ಯಾಮೆರಾ ಎತ್ತಿದರೆ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ.

"ಮುಖ ತೋರ್ಸಿ ಸಾರ್," ಅಂದೆ. "ಈ ಒಂದು ಫೋಟೋ ಮಾತ್ರ ನಿಮ್ದೇ... ಯಾರೂ ತಕರಾರು ತೆಗೆಯಲ್ಲ!"