ದೊಡ್ಡ ಟೈರಿನ ಎರಡು ಲಾರಿಗಳು

ಬೆಳಗ್ಗೆ ಕಸ ಗುಡಿಸಲು ಬಂದ ಹೆಂಗಸು ಮೊದಲು ನೋಡಿದ್ದು ಚಪ್ಪಲಿಯನ್ನು. ಆಮೇಲೆ ಕಾಲನ್ನು. ಆಮೇಲೆ ಕಿಟಾರನೆ ಕಿರುಚಿಕೊಂಡಳು.

ಲಾರಿ ಯಾರ್ಡಿನ ಕಾವಲುಗಾರ ಅಂಗಾತ ಬಿದ್ದಿದ್ದ. ರಿಪೇರಿ ಗುಂಡಿಯ ಸಿಮೆಂಟ್ ಅಂಚಿಗೆ ಬಡಿದು ತಲೆಯ ಹಿಂಭಾಗ ಒಡೆದಿತ್ತು. ಉಸಿರು ಮಾತ್ರ ಇತ್ತು. ಪಕ್ಕದಲ್ಲಿ ಡೀಸೆಲ್ ಕ್ಯಾನ್ ಉರುಳಿತ್ತು. ಅದರಾಚೆ ಒಂದು ತಗಡಿನ ಆಲಿಕೆ. ಆ ಕಡೆ ಒಂದು, ಈ ಕಡೆ ಒಂದು ಲಾರಿ. ಎರಡಕ್ಕೂ ಹೊಸದಾಗಿ ದೊಡ್ಡ ಟೈರು ಹಾಕಿಸಿದ್ದರು.

ಆಂಬುಲೆನ್ಸ್ ಹೋದ ಮೇಲೆ ಇನ್ಸ್‌ಪೆಕ್ಟರಮ್ಮ ಯಜಮಾನರ ಕಡೆ ತಿರುಗಿದಳು.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನ್ಬಂತು ಮೇಡಂ, ಗೊತ್ತೇ ಇದೆ. ಸೈಲೆನ್ಸರ್."

ಸೈಲೆನ್ಸರ್ ಎಂದರೆ ಒಬ್ಬ ಡ್ರೈವರ್. ಅವನ ಗಂಟಲು ಓಡುವ ಇಂಜಿನ್ನನ್ನೂ ಮುಚ್ಚಿಹಾಕುತ್ತಿತ್ತು. ಅದಕ್ಕೇ ಆ ಹೆಸರು.

"ಇವೆರಡು ಲಾರಿಗೂ ಒಂದೇ ದಿನ ಟೈರು ಹಾಕ್ಸಿದ್ದು. ಇನ್ನೊಬ್ಬ ಡ್ರೈವರ್ ಮೀಸೆ ಓಡ್ಸೋ ಲಾರಿ ಮೊದಲಿನ ಹಾಗೇ ಮೈಲೇಜ್ ಕೊಡ್ತಿದೆ. ಸೈಲೆನ್ಸರ್‌ದು ಪಾತಾಳಕ್ಕೆ ಹೋಗಿದೆ. ಡೀಸೆಲ್ ಎಲ್ಲಿ ಹೋಯ್ತು? ಅವನ ಟ್ಯಾಂಕಿಗೆ ಅವನೇ ಬೀಗ ಹಾಕ್ಕೊಂಡಿದಾನೆ. ಕೀಲಿ ಅವನ ಕೊರಳಲ್ಲಿ. ಇನ್ಯಾರು ತೆಗೀತಾರೆ ಹೇಳಿ?"

"ನಮ್ಮ ಪಂಪಲ್ಲೂ ಡೀಸೆಲ್ ಕಮ್ಮಿ ಬೀಳ್ತಿತ್ತು," ಎಂದ ಪಕ್ಕದಲ್ಲಿದ್ದ ಅವರ ಅಳಿಯ. ಗ್ಯಾರೇಜು, ಪಂಪು ಎರಡನ್ನೂ ನೋಡಿಕೊಳ್ಳುವವನು ಅವನು. ಇಸ್ತ್ರಿ ಕೆಡದ ಅಂಗಿ, ಮೆತ್ತಗಿನ ಮಾತು. "ಮಾವ ಆ ಕಾವಲುಗಾರನಿಗೆ ಬೈದಿದ್ರು. ಪಾಪ, ಕಳ್ಳನ್ನ ಹಿಡೀತೀನಿ ಅಂತ ಕೂತಿದ್ದ ಅನ್ಸುತ್ತೆ."

ಯಜಮಾನರು ದನಿ ತಗ್ಗಿಸಿದರು. "ಇನ್ನೊಂದು ವಿಷ್ಯ. ಸೈಲೆನ್ಸರ್ ಬೇರೆ ಯಾರೂ ಅಲ್ಲ. ಆ ಕಾವಲುಗಾರನ ಹೆಂಡತಿ ತಮ್ಮ."

ಎಲ್ಲ ಸಲೀಸಾಗಿ ಕೂಡಿಬಂದಿತ್ತು. ಮಧ್ಯಾಹ್ನದೊಳಗೆ ಸೈಲೆನ್ಸರ್ ಲಾಕಪ್ಪಿನಲ್ಲಿದ್ದ.

* * *

ಸಂಜೆ ಕಾವಲುಗಾರನ ಹೆಂಡತಿ ಸ್ಟೇಷನ್ನಿಗೆ ಬಂದಳು. ಅಳಲಿಲ್ಲ. ನೇರ ಕಂಬಿಯ ಮುಂದೆ ಹೋಗಿ ನಿಂತಳು.

"ಅಕ್ಕಾ, ನಾನಲ್ಲ. ಆಣೆಗೂ ನಾನಲ್ಲ."

"ಅಕ್ಕ ಅನ್ಬೇಡ. ಅಮ್ಮ ಹೋದಾಗ ನಿನಗೆ ಇನ್ನೂ ಹಲ್ಲು ಹುಟ್ಟಿರ್ಲಿಲ್ಲ. ಸೊಂಟದ ಮೇಲೆ ಹೊತ್ಕೊಂಡು ಸಾಕಿದೆ ಕಣೋ. ನಿನ್ನನ್ನ ಆ ಯಾರ್ಡಿಗೆ ಸೇರಿಸಿದ್ದೂ ಅವ್ರೇ. ಅವ್ರ ತಲೆ ಒಡೆದ್ಯಲ್ಲೋ! ಇನ್ನು ನನ್ನ ಹೊಸಿಲು ತುಳೀಬೇಡ."

ಅವಳು ಹೊರಟಳು. ಸೈಲೆನ್ಸರ್ ಕಂಬಿ ಹಿಡಿದುಕೊಂಡೇ ಕುಸಿದು ಕೂತ.

"ನನ್ನನ್ನ ಜೈಲಿಗೆ ಹಾಕಿ ಮೇಡಂ, ಪರವಾಗಿಲ್ಲ," ಎಂದ. "ಅಕ್ಕ ನಂಬಿಬಿಟ್ಳು. ಅದನ್ನ ಹೇಗೆ ತಡ್ಕೊಳ್ಳಲಿ?"

"ಮತ್ತೆ ಡೀಸೆಲ್ ಎಲ್ಲಿ ಹೋಯ್ತಪ್ಪಾ?"

"ಗೊತ್ತಿಲ್ಲ. ಬೀಗ ಹಾಕಿದ್ದೇ ಯಾರೂ ಕದೀಬಾರ್ದು ಅಂತ. ಈಗ ಅದೇ ನನ್ನ ಕುತ್ತಿಗೆಗೆ ಬಂತು."

ಕಳ್ಳರು ಸಾಮಾನ್ಯವಾಗಿ ಕಥೆ ಕಟ್ಟುತ್ತಾರೆ. ಇವನು ಕಟ್ಟಲಿಲ್ಲ. ಅದು ಇನ್ಸ್‌ಪೆಕ್ಟರಮ್ಮನಿಗೆ ಕಸಿವಿಸಿ ತಂದಿತು.

* * *

ಮರುದಿನ ಮೀಸೆಯ ಹೇಳಿಕೆ ಬೇಕಾಗಿತ್ತು. ಅವನು ಸರಕು ತುಂಬಿಕೊಂಡು ಗೋದಾಮಿಗೆ ಹೊರಟಿದ್ದ. ಅವಳು ಜೀಪಿನಲ್ಲಿ ಹಿಂದೆಯೇ ಹೋದಳು.

ಗೋದಾಮಿನಲ್ಲಿ ಮೀಸೆ ಮೀಸೆಯನ್ನೇ ತಿರುವುತ್ತ ನಿಂತ. "ಮೈಲೇಜ್ ಎಲ್ಲಾ ಕಾಲಿನ ಹದದಲ್ಲಿದೆ ಮೇಡಂ. ಆಕ್ಸಿಲರೇಟರ್‌ನ ಮಗು ಕೆನ್ನೆ ಮುಟ್ಟಿದ ಹಾಗೆ ಮುಟ್ಬೇಕು. ಸೈಲೆನ್ಸರ್ ಒದೀತಾನೆ."

"ಯಾರ್ಡಿಂದ ಇಲ್ಲಿಗೆ ಎಷ್ಟು ದೂರ?"

ಮೀಸೆ ಮೀಟರ್ ನೋಡಿದ. "ಐವತ್ತಾರು ಕಿಲೋಮೀಟರ್."

"ನಮ್ಮ ಜೀಪಲ್ಲಿ ಅರವತ್ತು ತೋರಿಸ್ತಿದೆ."

"ನಮ್ಮ ಮೀಟರ್ ಕೆಟ್ಟಿರುತ್ತೆ ಮೇಡಂ," ಎಂದ ಜೊತೆಗೆ ಬಂದಿದ್ದ ದಫೇದಾರ. "ಸರ್ಕಾರಿ ಮಾಲು."

ಆದರೆ ರಸ್ತೆಬದಿಯ ಕಲ್ಲುಗಳೂ ಅರವತ್ತೇ ಅನ್ನುತ್ತಿದ್ದವು. ಅವಳು ಲಾರಿಯ ಪಕ್ಕ ಹೋಗಿ ನಿಂತಳು. ಟೈರು ಅವಳ ಎದೆಮಟ್ಟ ಬರುತ್ತಿತ್ತು. ಸುಮ್ಮನೆ ನೋಡುತ್ತಾ ನಿಂತವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ಯಜಮಾನರು ಹೇಳಿದ್ರು, ನಾನು ಕಟ್ಟಿದೆ."

"ಏನಾಯ್ತು ಮೇಡಂ?"

"ಸೈಲೆನ್ಸರ್ ಲಾರಿ ಮೈಲೇಜ್ ಯಾಕೆ ಇಳೀತು ಅಂತ ಎಲ್ಲಾರೂ ಕೇಳ್ತಿದ್ದೀವಿ. ಮೀಸೆ ಲಾರೀದು ಯಾಕೆ ಇಳೀಲಿಲ್ಲ?"

* * *

ಮಾರನೆಯ ದಿನ ಅವಳು ಎರಡೂ ಲಾರಿಗಳನ್ನು ಓಡಿಸಿದಳು. ಒಂದೇ ತೂಕದ ಸರಕು. ಒಂದೇ ರಸ್ತೆ. ಕುತ್ತಿಗೆಮಟ್ಟ ಡೀಸೆಲ್ ತುಂಬಿಸಿ ಎರಡೂ ಟ್ಯಾಂಕಿಗೆ ಅರಗಿನ ಮೊಹರು ಹಾಕಿಸಿದಳು. ಒಂದನ್ನು ಮೀಸೆ ಓಡಿಸಿದ. ಇನ್ನೊಂದನ್ನು ಲಾಕಪ್ಪಿನಿಂದ ಕರೆತಂದ ಸೈಲೆನ್ಸರ್, ಪಕ್ಕದಲ್ಲಿ ದಫೇದಾರನನ್ನು ಕೂರಿಸಿಕೊಂಡು.

ಹೊರಡುವ ಮೊದಲು ಸೈಲೆನ್ಸರ್ ಕೇಳಿದ: "ದಾರೀಲೇ ಆಸ್ಪತ್ರೆ ಮೇಡಂ. ಭಾವನ್ನ ಒಂದ್ಸಲ ನೋಡ್ಲಾ?"

"ಬಂದ್ಮೇಲೆ," ಎಂದಳು ಅವಳು.

ಸಂಜೆ ಲಾರಿಗಳು ವಾಪಸಾದವು. ಯಜಮಾನರ ಎದುರಿಗೇ ಮೊಹರು ಒಡೆದು ಮತ್ತೆ ಕುತ್ತಿಗೆಮಟ್ಟ ತುಂಬಿಸಿದರು. ಎರಡೂ ಲಾರಿಗಳು ಹೆಚ್ಚೂಕಮ್ಮಿ ಒಂದೇ ಅಳತೆಯ ಡೀಸೆಲ್ ಕುಡಿದಿದ್ದವು. ಎರಡರ ಮೈಲೇಜೂ ಪಾತಾಳದಲ್ಲೇ ಇತ್ತು. ಮೀಸೆಯ ಮುಖ ಸಪ್ಪಗಾಯಿತು.

"ಇವತ್ತು ಎದುರುಗಾಳಿ ಇತ್ತು," ಎಂದ ಅಳಿಯ. ಯಾರೂ ಅವನನ್ನು ಕೇಳಿರಲಿಲ್ಲ.

"ಗಾಳಿ ಎಲ್ಲಿಂದ ಬೀಸ್ತು ಅಂತ ನಾನು ಹೇಳ್ತೀನಿ," ಎಂದಳು ಇನ್ಸ್‌ಪೆಕ್ಟರಮ್ಮ. "ದೊಡ್ಡ ಟೈರು ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಮೀಟರ್ ಎಣಿಸೋದು ಸುತ್ತನ್ನ, ರಸ್ತೇನ ಅಲ್ಲ. ಹಾಗಾಗಿ ಓಡಿದ್ದು ಜಾಸ್ತಿ, ತೋರಿಸೋದು ಕಮ್ಮಿ. ಸಾಲದ್ದಕ್ಕೆ ಆ ಭಾರ ಉರುಳಿಸೋಕೆ ಇಂಜಿನ್ ತಿಣುಕುತ್ತೆ, ನಿಜವಾಗ್ಲೂ ಡೀಸೆಲ್ ಸ್ವಲ್ಪ ಜಾಸ್ತಿ ಎಳೆಯುತ್ತೆ. ಮೈಲೇಜ್ ಇಳೀಲೇಬೇಕು. ಸೈಲೆನ್ಸರ್‌ದು ಇಳೀತು, ಅವನು ಒಂದು ಹನಿ ಮುಟ್ಟಿಲ್ಲ. ಮೀಸೆದು ಇಳೀಲಿಲ್ಲ. ಯಾಕಂದ್ರೆ ಯಾರೋ ಕದ್ದು ಅದಕ್ಕೆ ಡೀಸೆಲ್ ಹಾಕ್ತಿದ್ರು."

"ಹಾಕ್ತಿದ್ರಾ?" ಯಜಮಾನರು ಬಾಯಿ ಬಿಟ್ಟರು.

"ಕ್ಯಾನ್ ಪಕ್ಕ ಏನಿತ್ತು? ಆಲಿಕೆ. ಅದು ಒಳಗೆ ಸುರಿಯೋಕೆ. ಟ್ಯಾಂಕಿಂದ ಕದಿಯೋನಿಗೆ ಬೇಕಾಗಿದ್ದು ಪೈಪು. ಅದು ಎಲ್ಲೂ ಸಿಗಲಿಲ್ಲ. ಸೈಲೆನ್ಸರ್ ಟ್ಯಾಂಕಿಗೂ ಹಾಕ್ತಿದ್ರೇನೋ, ಬೀಗ ಅಡ್ಡ ಬಂತು. ಮೀಸೆ, ಅವತ್ತು ಬೆಳಗ್ಗೆ ನಿನ್ನ ಲಾರಿ ಡೀಸೆಲ್ ಮುಳ್ಳು ಎಲ್ಲಿತ್ತು? ನಿಜ ಹೇಳು."

ಮೀಸೆ ನೆಲ ನೋಡಿದ. "ರಾತ್ರಿ ಬಿಟ್ಟಾಗ ಅರ್ಧ ಇತ್ತು. ಬೆಳಗ್ಗೆ ಮುಕ್ಕಾಲಿಗೆ ಬಂದಿತ್ತು. ಮುಂಚೆನೂ ಎರಡು ಮೂರು ಸಲ ಹಾಗೇ ಆಗಿತ್ತು. ಹೊಗಳ್ತಿದ್ರು... ಸುಮ್ನಿದ್ಬಿಟ್ಟೆ ಮೇಡಂ."

"ಪಂಪಲ್ಲಿ ಕಮ್ಮಿ ಬಿದ್ದ ಡೀಸೆಲ್ ಅದೇ. ಪಂಪಿನ ಕೀಲಿ ಇರೋದು ಒಬ್ಬರ ಹತ್ರ. ಈ ಟೈರು ಹಾಕ್ಸಿ ಅಂದಿದ್ದು ಯಾರು ಯಜಮಾನ್ರೇ?"

ಯಜಮಾನರು ಮೆಲ್ಲಗೆ ಅಳಿಯನ ಕಡೆ ತಿರುಗಿದರು.

ಅಳಿಯ ಇಸ್ತ್ರಿ ಅಂಗಿಯ ಅಂಚನ್ನು ಮುದುಡತೊಡಗಿದ. "ಕಮ್ಮಿ ಸುತ್ತು, ಕಮ್ಮಿ ಡೀಸೆಲ್ ಅಂದ್ಕೊಂಡೆ. ಎಲ್ಲಾರ ಮುಂದೆ ಹೇಳಿಬಿಟ್ಟಿದ್ದೆ. ಮಾವ ಈ ಮನೇಲಿ ನನ್ನ ಒಂದೇ ಒಂದು ಮಾತು ಕೇಳಿದ್ದು ಅಂದ್ರೆ ಇದೇ. ತಪ್ಪು ಅಂತ ಗೊತ್ತಾದಾಗ... ಸ್ವಲ್ಪ ದಿನ ಹಾಕೋಣ, ಆಮೇಲೆ ಏನಾದ್ರೂ ಮಾಡೋಣ ಅಂತಿದ್ದೆ. ಆ ರಾತ್ರಿ ಕಾವಲುಗಾರ ಬಂದು ಕ್ಯಾನ್ ಹಿಡ್ಕೊಂಡ. ಬಿಡಲಿಲ್ಲ. ತಳ್ಳಿದೆ."

"ಬಿದ್ದ ಮೇಲೆ ಒಂದು ಫೋನ್ ಮಾಡ್ಬಹುದಿತ್ತಲ್ಲ?"

"ಮಾವ ಏನಂತಾರೋ ಅಂತ..."

ಅಷ್ಟರಲ್ಲಿ ದಫೇದಾರನ ಫೋನು ಬಡಿದುಕೊಂಡಿತು. ಅವನು ಕೇಳಿಸಿಕೊಂಡು, ಕ್ಯಾಪ್ ತೆಗೆದು, ಇನ್ಸ್‌ಪೆಕ್ಟರಮ್ಮನ ಹತ್ತಿರ ಬಂದ. ಅವನು ಬಾಯಿ ತೆರೆಯುವ ಮೊದಲೇ ಸೈಲೆನ್ಸರ್‌ಗೆ ಅರ್ಥವಾಗಿತ್ತು.

* * *

ಆಸ್ಪತ್ರೆಯ ಓಣಿಯಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಗಂಡನ ಅಂಗಿ. ಇನ್ಸ್‌ಪೆಕ್ಟರಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಯಾರು, ಯಾಕೆ, ಹೇಗೆ. ಮುಗಿಯುವವರೆಗೂ ಅಕ್ಕ ಕಣ್ಣೆತ್ತಲಿಲ್ಲ.

"ನೀವು ಹೇಳಿದ್ರಿ, ನಾನು ನಂಬಿದೆ," ಎಂದಳು ಕೊನೆಗೆ. "ನಿಮ್ಮದೇನು ಬಿಡಿ, ನೀವು ಪೊಲೀಸು. ಸಾಕಿದೋಳು ನಾನು. ಒಂದು ಮಾತು ಕೇಳ್ಲಿಲ್ಲ ಅವನನ್ನ. ಜೀವ ಹೋಗೋ ಮುಂಚೆ, ಅವ್ರಿಗೆ ಮಧ್ಯಾಹ್ನ ಒಂಚೂರು ಎಚ್ಚರ ಬಂದಿತ್ತು. ಅವನೆಲ್ಲಿ ಅಂತ ಕೇಳಿದ್ರು. ಬರಲ್ಲ ಅಂದೆ ನಾನು."

ಇನ್ಸ್‌ಪೆಕ್ಟರಮ್ಮನಿಗೆ ಹೊರಡುವಾಗ ಸೈಲೆನ್ಸರ್ ಕೇಳಿದ್ದು ನೆನಪಾಯಿತು. ಮಧ್ಯಾಹ್ನ ಲಾರಿ ಈ ಆಸ್ಪತ್ರೆಯ ಮುಂದೆಯೇ ಹಾದುಹೋಗಿತ್ತು. 'ಬಂದ್ಮೇಲೆ' ಎಂದವಳು ಅವಳೇ.

ಸೈಲೆನ್ಸರ್ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ. ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ. ಕರೆಯಲು ಅಕ್ಕನಿಗೆ ಮುಖವಿರಲಿಲ್ಲ. ಕೊನೆಗೆ ಅವಳೇ ಎದ್ದಳು. ತಡವರಿಸುತ್ತಾ ಹೋಗಿ ಅವನ ಅಂಗಿಯ ತೋಳು ಹಿಡಿದುಕೊಂಡಳು.

"ಒಳಗಿದಾರೆ," ಎಂದಳು. "ಬಾ. ಒಬ್ಬಳೇ ಹೋಗೋಕಾಗ್ತಿಲ್ಲ ಕಣೋ ನನಗೆ."