ಸಾರಾಳ ಬಾಯಿಪಾಠ

"ವಾಕ್ಯ ಹೇಳೋ ತನಕ ಯಾರೂ ಊಟಕ್ಕ ಕೂಡೂದಿಲ್ಲ!"

ಕ್ರಿಸ್ಟೀನಾ ಟೀಚರ ಮಾತು ಮುಗಿಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ರೂಬಿಯ ಕೈಯಿಂದ ಹಾಲಿನ ಬಾಟಲಿ ಜಾರಿತು. ಏಳು ತಿಂಗಳ ಜೋಯೆಲ್ ಚಿಟ್ಟನೆ ಚೀರಿದ. ರೂಬಿ ಬಾಗಲಿಲ್ಲ, ಕೂಸನ್ನು ಎತ್ತಲಿಲ್ಲ. ನೆಲದ ಮೇಲೆ ಹರಿಯುತ್ತಿದ್ದ ಹಾಲನ್ನೇ ನೋಡುತ್ತ ನಿಂತಳು... ಅದು ಬೇರೆ ಯಾರದೋ ಮನೆ ಎಂಬಂತೆ!

ಮಿಷನ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದ ಟೀಚರಿಗೆ ಸಂಜೆ ಏಳರ ಕುಟುಂಬ ಪ್ರಾರ್ಥನೆಯೆಂದರೆ ಉಸಿರು. ಪ್ರತಿಯೊಬ್ಬರೂ ಪುಸ್ತಕ ನೋಡದೆ ಬೈಬಲಿನ ಒಂದೊಂದು ವಾಕ್ಯ ಹೇಳಬೇಕು. ತಟ್ಟೆ ಹಚ್ಚಿ ಬಡಿಸುವುದು ಆಮೇಲೆ. ಕೊರೊನಾದ ಎರಡನೇ ಅಲೆಗೆ ಚರ್ಚಿನ ಬಾಗಿಲು ಮುಚ್ಚಿದ ಮೇಲಂತೂ ನವನಗರದ ಆ ಎರಡು ಕೋಣೆಯ ಮನೆಯೇ ಅವರಿಗೆ ಚರ್ಚು. ಮಗ ನೆಹೆಮಿಯಾ ಸತ್ತೂರಿನ ಆಸ್ಪತ್ರೆಯಲ್ಲಿ ಕೋವಿಡ್ ವಾರ್ಡಿನ ನರ್ಸ್. ಮಕ್ಕಳಾದ ಸಾರಾ, ಜೋಯೆಲರಿಗೆ ಸೋಂಕು ತಾಗೀತೆಂದು ನಲವತ್ತು ದಿನಗಳಿಂದ ಅಲ್ಲೇ ಉಳಿದಿದ್ದ. ಪ್ರಾರ್ಥನೆಯ ಹೊತ್ತಿಗೆ ಮಾತ್ರ, ಕೆನ್ನೆಯ ಮೇಲೆ ಮಾಸ್ಕಿನ ಗೆರೆ ಹೊತ್ತು, ಫೋನಿನಲ್ಲಿ ಕಾಣಿಸಿಕೊಳ್ಳುತ್ತಿದ್ದ.

ಹದಿನೈದು ದಿನಗಳಿಂದ ರೂಬಿಗೆ ವಾಕ್ಯ ಬರುತ್ತಿರಲಿಲ್ಲ. ತಲೆ ಬಾಚುತ್ತಿರಲಿಲ್ಲ. ಕೂಸು ಅತ್ತರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಅವ್ವಾ, ಮನಸ್ಸಿನ ಡಾಕ್ಟರ್ ಜೋಡಿ ಒಮ್ಮೆ ಫೋನಿನ್ಯಾಗ ಮಾತಾಡ್ಸೂಣೇನು?" ಎಂದು ನೆಹೆಮಿಯಾ ಕೇಳಿದ್ದ.

"ಹುಚ್ಚ ಹಿಡದೈತೇನು ಅಕಿಗೆ? ಚರ್ಚಿನ ಸಭಿಯವರಿಗೆ ಗೊತ್ತಾದ್ರ ಹೆಂಗ ಮುಖ ತೋರ್ಸಲಿ? ವಾಕ್ಯ ಬಾಯಾಗಿದ್ರ ಎಲ್ಲಾ ಛಲೋ ಆಗ್ತೈತಿ!" ಎಂದು ಟೀಚರು ಆ ಮಾತನ್ನು ಅಲ್ಲಿಗೇ ಮುಚ್ಚಿದ್ದರು. ದಿನಕ್ಕೊಂದು ವಾಕ್ಯವನ್ನು ದುಂಡಗೆ ಬರೆದು ಒಲೆಯ ಹಿಂದಿನ ಗೋಡೆಗೆ ಅಂಟಿಸಿದ್ದರು. ಅದೇ ಔಷಧವೆಂದು ಮನಸಾರೆ ನಂಬಿದ್ದರು.

ಇಂದೂ ಚಾಪೆ ಹಾಸಿ, ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ಕುಳಿತರು.

"ಹೇಳು ರೂಬಿ."

"ಬರವಲ್ದ್ರಿ ಅತ್ತಿ..."

"ಬರವಲ್ದೋ, ಮನಸ್ಸಿಲ್ಲೋ? ನಾಕು ವರ್ಷದ ಹುಡುಗಿ ಹೇಳ್ತೈತಿ, ನಿನಗೇನ ಧಾಡಿ?"

"ಅವ್ವಾ, ಸಾಕು ಬಿಡು..." ಫೋನಿನಿಂದ ನೆಹೆಮಿಯಾನ ದನಿ.

"ನೀ ಸುಮ್ಮನಿರಪಾ. ಸಾರಾ, ಬಾ ಬಂಗಾರಾ. ಹೊಸಾ ವಾಕ್ಯ ಕಲ್ತೇನಿ ಅಂದಿದ್ದೆಲ್ಲಾ, ನಿಮ್ಮವ್ವಗ ಕೇಳೂಹಂಗ ಹೇಳು."

"ನೀ ಕಲಿಸಿದ್ದಲ್ಲ ಅಜ್ಜಿ, ಮಮ್ಮೀದು. ಭಾಳ ದೊಡ್ಡದೈತಿ!"

ಟೀಚರ ಮುಖ ಅರಳಿತು. ಹಾಗಾದರೆ ಸೊಸೆ ಗುಟ್ಟಾಗಿ ಕಲಿಸಿದ್ದಾಳೆ! ಸಾರಾ ಎದ್ದು ಕೈಮುಗಿದು ಕಣ್ಣು ಮುಚ್ಚಿದಳು. ಅಜ್ಜಿ ಕಲಿಸಿದ ರಾಗದಲ್ಲೇ, ನಿಲ್ಲಿಸಬೇಕಾದಲ್ಲಿ ಉಸಿರು ನಿಲ್ಲಿಸಿ ಹೇಳಿದಳು:

"ಕರ್ತನೇ, ನನ್ನ ಕರ್ಕೊಂಬಿಡು. ನನ್ನ ಕೈಲೆ ಆಗವಲ್ದು. ಕೂಸು ಅತ್ತರ ನನ್ನ ಕೈಗೆ ನಾನೇ ಅಂಜತೇನಿ. ನನ್ನ ಮಕ್ಕಳಿಗೆ ನನಗಿಂತ ಛಲೋ ತಾಯಿನ್ನ ಕೊಡು. ಆಮೆನ್."

ಸಾರಾ ಕಣ್ಣು ತೆರೆದು ಅಜ್ಜಿಯ ಕಡೆ ನೋಡಿದಳು.

"ಮಮ್ಮಿ ದಿನಾ ಬಚ್ಚಲದಾಗ ಹೇಳ್ತಾಳ. ನಾ ಬಾಗಲಾ ಹಿಂದ ನಿಂತು ಕಲ್ತೆ. ಒಂದೂ ತಪ್ಪಿಲ್ಲಲ್ಲಾ ಅಜ್ಜಿ?"

ಟೀಚರ ತೋಳಿನ ಕೂದಲು ನಿಮಿರಿ ನಿಂತಿತ್ತು. ಮೂವತ್ತೊಂದು ವರ್ಷ ಎಷ್ಟು ಮಕ್ಕಳ ಬಾಯಲ್ಲಿ ಎಷ್ಟು ವಾಕ್ಯ ಕೇಳಿದ್ದರೋ! ಒಂದು ವಾಕ್ಯವೂ ಕೋಣೆಯನ್ನು ಹೀಗೆ ತುಂಬಿರಲಿಲ್ಲ. ಪ್ರಾರ್ಥಿಸು, ಪ್ರಾರ್ಥಿಸು ಎಂದು ತಾವು ಪೀಡಿಸಿದಷ್ಟು ದಿನವೂ ಈ ಹೆಣ್ಣು ಗೋಡೆಯ ಆಚೆ ಪ್ರಾರ್ಥಿಸುತ್ತಲೇ ಇದ್ದಳು. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ್ದನ್ನು ಈ ಮಗುವಿನ ಕಿವಿಯೊಂದು ಅಕ್ಷರ ಬಿಡದೆ ಕಾದಿಟ್ಟಿತ್ತು. ಇದನ್ನು ಮಗುವಿನ ಬಾಯಲ್ಲಿ ಇಟ್ಟವನು ಆ ಕರ್ತನೇ ಅಲ್ಲವೇ...? ಟೀಚರಿಗೆ ತಲೆ ಎತ್ತಲು ಭಯವಾಯಿತು.

"ಇಲ್ಲವ್ವಾ... ಒಂದೂ ತಪ್ಪಿಲ್ಲ. ತಪ್ಪೆಲ್ಲಾ ನಂದು."

"ಅತ್ತೀ, ನಾ ಕೆಟ್ಟ ತಾಯಿ ಅಲ್ರೀ...!" ಎಂದು ರೂಬಿ ಅಡುಗೆಮನೆಯ ಬಾಗಿಲಲ್ಲೇ ಕುಸಿದಳು. ಟೀಚರು ಚೆಲ್ಲಿದ ಹಾಲಿನಲ್ಲೇ ಮೊಣಕಾಲೂರಿ ಅವಳನ್ನು ಅಪ್ಪಿಕೊಂಡರು.

"ಅಲ್ಲ ತಂಗಿ, ಅಲ್ಲ. ಈ ನೆಹೆಮಿಯಾ ಎರಡು ತಿಂಗಳ ಕೂಸಿದ್ದಾಗ ತೊಟ್ಟಿಲದಾಗ ಬಿಟ್ಟು ಕೆಲಗೇರಿ ಕೆರಿ ದಂಡಿಗೆ ಹೋಗಿದ್ದೆ ನಾ, ತಿರುಗಿ ಬರಬಾರ್ದಂತ. ಅಲ್ಲಿ ಅರಿವಿ ಒಗಿಯಾಕತ್ತಿದ್ದ ಶಿವಬಸವ್ವ ಕೈ ಹಿಡದು ಮನಿ ತನಕ ಕರ್ಕೊಂಡ ಬಂದ್ಲು. ಯಾಕ ಅಂತ ಕೇಳ್ಲಿಲ್ಲ. ವಾಕ್ಯ ಹೇಳು ಅನ್ಲಿಲ್ಲ... ಇಷ್ಟು ವರ್ಷ ಯಾರಿಗೂ ಹೇಳದ, ನಾನೂ ಮರತಬಿಟ್ಟೆ!"

ಫೋನಿನಲ್ಲಿ ನೆಹೆಮಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

"ಅಳಬ್ಯಾಡೋ. ಲಗೂನ ಆ ಡಾಕ್ಟರಿಗೆ ಫೋನ್ ಹಚ್ಚು. ಸಭಿಯವರು ಕೇಳಿದ್ರ ನಾ ಹೇಳ್ತೇನಿ, ನನ್ನ ಕತಿಯಿಂದನ ಸುರು ಮಾಡಿ."

ಆ ರಾತ್ರಿಯಿಂದ ಜೋಯೆಲ್ ಅಜ್ಜಿಯ ಮಗ್ಗುಲಿಗೆ ಬಂದ. ಡಾಕ್ಟರು ದಿನವೂ ಫೋನಿನಲ್ಲಿ ಮಾತಾಡಿದರು, ಗುಳಿಗೆ ಬಂದವು, ಒಲೆಯ ಹಿಂದಿನ ಚೀಟಿಗಳು ಹೋದವು. ಸಂಜೆ ರೂಬಿಯ ಸರದಿ ಬಂದಾಗ ಟೀಚರು "ಇದು ರೂಬೀದು" ಎಂದು ಅವಳ ವಾಕ್ಯವನ್ನು ತಾವೇ ಹೇಳುತ್ತಿದ್ದರು. ತಮ್ಮದು ಅದರ ನಂತರ.

ಹೀಗೇ ಒಂದು ತಿಂಗಳು. ಒಂದು ಸಂಜೆ "ಇದು ರೂಬೀದು" ಎಂದು ಆ ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಪಕ್ಕದಿಂದ ಒಂದು ಸಣ್ಣ ದನಿ ಕೇಳಿಸಿತು... "ಆಮೆನ್."

"ಅಜ್ಜಿ, ಮಮ್ಮಿ ಬರೇ ಕಡೇದಷ್ಟ ಹೇಳಿದ್ಲು!" ಸಾರಾ ದೂರಿದಳು.



"ಅಷ್ಟ ಸಾಕವ್ವಾ," ಎಂದರು ಟೀಚರು. "ಏಳು, ರೊಟ್ಟಿ ಆರಾಕತ್ತಾವು. ಮೊದಲ ನಿಮ್ಮವ್ವಗ ತಟ್ಟಿ ಹಚ್ಚು."